ಅಪ್ಪನಿಗೆ ಹೇಳಮ್ಮ

‘ಅಪ್ಪನಿಗೆ ಹೇಳಮ್ಮ, ರಾತ್ರಿ ಬರೋದು ತಡ ಆಗುತ್ತೆ ಅಂತ.’

‘ಅವನಿಗೆ ಹೇಳು, ಬೀಗದ ಕೈ ಮರೆಯದೆ ತೊಗೊಂಡು ಹೋಗಲಿ ಅಂತ.’

ಒಬ್ಬರು ಸೋಫಾದ ಮೇಲೆ ಪೇಪರಿನ ಹಿಂದೆ, ಇನ್ನೊಬ್ಬ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತ. ಇಬ್ಬರ ನಡುವೆ ಇರುವುದು ಹೆಚ್ಚೆಂದರೆ ಆರಡಿ. ಅಡುಗೆಮನೆಯಲ್ಲಿರುವ ನನಗೇ ಕೇಳಿಸಿದ ಮಾತು ಅವರಿಗೆ ಕೇಳಿಸಿಲ್ಲವೇ? ಕೇಳಿಸಿರುತ್ತದೆ. ಆದರೂ ನಾನು ಸೌಟು ಕೆಳಗಿಟ್ಟು ಬಂದು ಅದೇ ಮಾತನ್ನು ಇನ್ನೊಮ್ಮೆ ಹೇಳಬೇಕು. ಆಗಲೇ ಅದು ‘ತಲುಪಿತು’ ಎಂದು ಲೆಕ್ಕ! ಮಗ ತಾನಾಗಿ ಒಂದು ಒಳ್ಳೆಯ ನೌಕರಿ ಬಿಟ್ಟು ಬಂದ ದಿನದಿಂದ, ಅಂದರೆ ಎರಡು ವರ್ಷದಿಂದ, ನಮ್ಮ ಮನೆಯಲ್ಲಿ ಈ ಟಪಾಲು ವ್ಯವಸ್ಥೆ ನಡೆದಿದೆ. ಜಗಳವಿಲ್ಲ, ಕೂಗಾಟವಿಲ್ಲ. ಮಾತು ಮಾತ್ರ ನನ್ನ ಮೂಲಕವೇ ಹೋಗಬೇಕು.

ಇದನ್ನು ಓದುತ್ತಿರುವ ಹುಡುಗರಲ್ಲಿ ಕೆಲವರಾದರೂ ಈಗ ಮುಸಿಮುಸಿ ನಗುತ್ತಿರಬಹುದು. ನಗಿ. ಆದರೆ ಮೊನ್ನೆ ನಾನು ನೋಡಿದ ಒಂದು ಸಿನಿಮಾದ ಕಥೆಯನ್ನು ಕೇಳಿ ಆಮೇಲೆ ನಗಿ.

ಪಿತ್ತಕೋಶದ ಕಲ್ಲಿಗೆಂದು ಒಂದು ಸಣ್ಣ ಆಪರೇಶನ್ ಆಗಿ ನಾನು ಮನೆಯಲ್ಲಿ ಮಲಗಿದ್ದೆ. ಹೊತ್ತು ಹೋಗಲೆಂದು ಮಗ ತನ್ನ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ಅದರಲ್ಲಿ ನೋಡಿದ್ದು ‘ದಿ ಜಡ್ಜ್’ ಎಂಬ ಅಮೆರಿಕನ್ ಚಿತ್ರ. 2014ರಲ್ಲಿ ಬಂದದ್ದು, ಡೇವಿಡ್ ಡಾಬ್ಕಿನ್ ಅದರ ನಿರ್ದೇಶಕ. ನಿಮಗೆಲ್ಲ ‘ಐರನ್ ಮ್ಯಾನ್’ ಎಂದು ಪರಿಚಿತನಾದ ರಾಬರ್ಟ್ ಡೌನಿ ಜೂನಿಯರ್ ಇಲ್ಲಿ ಮಗ. ತಂದೆಯಾಗಿ ರಾಬರ್ಟ್ ಡುವಾಲ್.

ಮಗ ಹ್ಯಾಂಕ್ ಪಾಮರ್ ಶಿಕಾಗೋದ ಹೆಸರಾಂತ ವಕೀಲ. ದುಡ್ಡಿದ್ದವರನ್ನು, ತಪ್ಪು ಮಾಡಿದ್ದರೂ, ಬಿಡಿಸಿಕೊಂಡು ಬರುವುದರಲ್ಲಿ ನಿಸ್ಸೀಮ. ತಂದೆ ಜೋಸೆಫ್ ಪಾಮರ್ ಇಂಡಿಯಾನಾ ರಾಜ್ಯದ ಕಾರ್ಲಿನ್‌ವಿಲ್ ಎಂಬ ಚಿಕ್ಕ ಊರಿನಲ್ಲಿ (ಊರು ಕಲ್ಪನೆಯದು) ದಶಕಗಳಿಂದ ನ್ಯಾಯಾಧೀಶರು. ಮನೆಯಲ್ಲಿ ಮಕ್ಕಳೂ ಅವರನ್ನು ಕರೆಯುವುದು ‘ಜಡ್ಜ್’ ಎಂದೇ. ಹದಿನೇಳರ ವಯಸ್ಸಿನಲ್ಲಿ ಹ್ಯಾಂಕ್ ಅಮಲಿನಲ್ಲಿ ಕಾರು ಓಡಿಸಿ ಅಪಘಾತ ಮಾಡಿದ್ದ. ಬೇಸ್‌ಬಾಲ್ ಆಟದಲ್ಲಿ ಮೇಲೆ ಬರುತ್ತಿದ್ದ ಅಣ್ಣನ ಕೈ ಅದರಲ್ಲಿ ಹಾಳಾಯಿತು. ಜಡ್ಜ್ ಸಾಹೇಬರು ಮಗನೆಂದು ನೋಡದೆ ಅವನನ್ನು ಬಾಲಾಪರಾಧಿಗಳ ಬಂಧನಾಲಯಕ್ಕೆ ಕಳಿಸಿದರು. ಅಲ್ಲಿಂದ ಅಪ್ಪ ಒಂದು ದಿಕ್ಕು, ಮಗ ಒಂದು ದಿಕ್ಕು.

ಸಿನಿಮಾ ಶುರುವಾಗುವುದು ಹೇಗೆ ಗೊತ್ತೇ? ತಾಯಿಯ ಸಾವಿನಿಂದ. ಕೋರ್ಟಿನಲ್ಲಿ ವಾದಕ್ಕೆ ನಿಂತ ಹ್ಯಾಂಕ್‌ಗೆ ಸುದ್ದಿ ಬರುತ್ತದೆ, ಅವನು ಎಷ್ಟೋ ವರ್ಷಗಳ ನಂತರ ಊರಿಗೆ ಹೋಗುತ್ತಾನೆ. ಬಂದವರನ್ನೆಲ್ಲ ಅಪ್ಪಿಕೊಳ್ಳುವ ತಂದೆ ಈ ಮಗನಿಗೆ ಮಾತ್ರ ಕೈ ಕುಲುಕುತ್ತಾರೆ, ಯಾರೋ ಕಕ್ಷಿದಾರನಿಗೆ ಕುಲುಕಿದ ಹಾಗೆ.

ಆ ದೃಶ್ಯ ಕಂಡಾಗ ನನ್ನ ಹೊಟ್ಟೆಯ ಹೊಲಿಗೆ ಚುಚ್ಚಿತೋ, ಬೇರೆ ಏನೋ ಚುಚ್ಚಿತೋ ತಿಳಿಯಲಿಲ್ಲ. ವಿಮರ್ಶಕರು ಈ ಚಿತ್ರವನ್ನು ಕೋರ್ಟಿನ ಕಥೆ ಎಂದಾರು, ತಂದೆ ಮಗನ ಕಥೆ ಎಂದಾರು. ನನಗೆ ಕಂಡದ್ದು ಒಂದೇ: ನಡುವೆ ನಿಂತು ‘ಅವನಿಗೆ ಹೇಳು’, ‘ಅಪ್ಪನಿಗೆ ಹೇಳಮ್ಮ’ ಎಂಬುದನ್ನು ಹೊತ್ತು ತಿರುಗಬೇಕಾದವಳು ಮೊದಲ ದೃಶ್ಯದಲ್ಲೇ ಇಲ್ಲವಾಗಿದ್ದಾಳೆ. ಇನ್ನು ಇವರಿಬ್ಬರೂ ಮಾತಾಡುವುದು ಹೇಗೆ? ಅದಕ್ಕೊಂದು ಕೊಲೆ ಮೊಕದ್ದಮೆಯೇ ಬೇಕಾಯಿತು!

ಅಂತ್ಯಕ್ರಿಯೆಯ ರಾತ್ರಿ ಮಳೆಯಲ್ಲಿ ಜಡ್ಜ್ ಸಾಹೇಬರು ಕಾರು ತೆಗೆದುಕೊಂಡು ಅಂಗಡಿಗೆ ಹೋಗಿ ಬರುತ್ತಾರೆ. ಬೆಳಗ್ಗೆ ನೋಡಿದರೆ ಕಾರು ಜಖಂ ಆಗಿದೆ. ರಸ್ತೆಯಲ್ಲಿ ಬ್ಲ್ಯಾಕ್‌ವೆಲ್ ಎಂಬವನು ಸತ್ತು ಬಿದ್ದಿದ್ದಾನೆ. ಅವನಿಗೂ ಜಡ್ಜ್ ಸಾಹೇಬರಿಗೂ ಹಳೆಯ ಲೆಕ್ಕವಿದೆ. ಹಿಂದೆ ಅವನು ಒಂದು ಹುಡುಗಿಯ ಮನೆಯ ಮೇಲೆ ಗುಂಡು ಹಾರಿಸಿದಾಗ ಇವರು ಕನಿಕರ ತೋರಿ ಕೇವಲ ಮೂವತ್ತು ದಿನ ಶಿಕ್ಷೆ ಕೊಟ್ಟಿದ್ದರು. ಹೊರಗೆ ಬಂದವನು ಅದೇ ಹುಡುಗಿಯನ್ನು ಕೊಂದ. ಆ ಒಂದು ತೀರ್ಪು ಇವರ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹೀಗಾಗಿ ಇದು ಅಪಘಾತವೋ, ಬೇಕೆಂದೇ ಮಾಡಿದ ಕೊಲೆಯೋ ಎಂಬ ಪ್ರಶ್ನೆ. ಊರಿನ ಅನನುಭವಿ ವಕೀಲನೊಬ್ಬನಿಂದ ಕೇಸು ನಡೆಯದೆ, ಕೊನೆಗೆ ಅಪ್ಪನ ಪರವಾಗಿ ಹ್ಯಾಂಕನೇ ನಿಲ್ಲುತ್ತಾನೆ.

ನಿಮ್ಮಲ್ಲಿ ಕಾನೂನು ಓದುವವರಿದ್ದರೆ ಒಂದು ವಿಷಯ ಗಮನಿಸಿ. ನಮ್ಮ ದೇಶದ ಕ್ರಿಮಿನಲ್ ಕೋರ್ಟುಗಳಲ್ಲಿ ಈಗ ಜ್ಯೂರಿ ಇಲ್ಲ. ಪ್ರಾಸಿಕ್ಯೂಶನ್ ಕಡೆಯ ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಧೀಶರೇ ಆರೋಪಿಗೆ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಪ್ರಮಾಣವಚನವೂ ಇಲ್ಲ. ಆರೋಪಿ ತಾನೇ ಲಿಖಿತವಾಗಿ ಕೇಳಿಕೊಂಡರೆ ಮಾತ್ರ ತನ್ನ ಪರವಾದ ಸಾಕ್ಷಿಯಾಗಿ ಕಟಕಟೆ ಹತ್ತಬಹುದು. ಅಮೆರಿಕದಲ್ಲೂ ಆರೋಪಿಯನ್ನು ಮಾತಾಡೆಂದು ಯಾರೂ ಬಲವಂತಪಡಿಸುವಂತಿಲ್ಲ. ಜಡ್ಜ್ ಸಾಹೇಬರು ತಾವಾಗಿ ಹತ್ತುತ್ತಾರೆ. ಅಷ್ಟು ವರ್ಷ ಮೇಲಿನ ಕುರ್ಚಿಯಲ್ಲಿ ಕುಳಿತವರು ಈಗ ಪಕ್ಕದ ಕಟಕಟೆಯಲ್ಲಿ ಕುಳಿತು, ನಿಜವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿ, ಸ್ವಂತ ಮಗನ ಪ್ರಶ್ನೆಗೆ ಉತ್ತರ ಕೊಡಬೇಕು.

ಅವರಿಗೆ ಕ್ಯಾನ್ಸರ್ ಇದೆ, ಗುಟ್ಟಾಗಿ ಕೀಮೋಥೆರಪಿ ನಡೆದಿದೆ, ಅದರಿಂದ ನೆನಪು ಕೈಕೊಡುತ್ತಿದೆ. ಇದನ್ನು ಹೇಳಿದರೆ ಕೇಸಿಗೆ ಅನುಕೂಲ. ಆದರೆ ಆ ಕಾಲದಲ್ಲಿ ತಾವು ಕೊಟ್ಟ ತೀರ್ಪುಗಳನ್ನೆಲ್ಲ ಜನ ಸಂಶಯದಿಂದ ನೋಡುತ್ತಾರಲ್ಲ ಎಂಬುದು ಅವರ ಚಿಂತೆ. ಜೈಲಾದರೂ ಆಗಲಿ, ಹೆಸರು ಹೋಗಬಾರದು! ಮಗ ಕೇಳುವುದಿಲ್ಲ. ಅಪ್ಪನ ಇಷ್ಟಕ್ಕೆ ವಿರುದ್ಧವಾಗಿ ಅದನ್ನು ಕೋರ್ಟಿನಲ್ಲಿ ಹೊರಗೆಳೆಯುತ್ತಾನೆ.

ಆಮೇಲೆ ಬರುವುದು ಚಿತ್ರದ ಜೀವಾಳ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದೆಂಬುದು ವಕೀಲರ ಮೊದಲ ಪಾಠ. ಹ್ಯಾಂಕ್ ಆ ಪಾಠ ಮರೆತು, ಅಂದು ಆ ಬ್ಲ್ಯಾಕ್‌ವೆಲ್‌ಗೆ ಅಷ್ಟು ಕನಿಕರ ಏಕೆ ತೋರಿದಿರಿ ಎಂದು ಕೇಳಿಬಿಡುತ್ತಾನೆ. ಅಪ್ಪನ ಉತ್ತರದ ಸಾರ ಇಷ್ಟು: ಆ ಹುಡುಗನನ್ನು ನೋಡಿದಾಗ ನನಗೆ ನೀನು ಕಂಡೆ. ನನ್ನ ಮಗ ದಾರಿ ತಪ್ಪಿದಾಗ ಯಾರಾದರೂ ಅವನ ಕೈ ಹಿಡಿಯಲಿ ಎಂದು ನಾನು ಬಯಸುತ್ತಿದ್ದೆನಲ್ಲ, ಹಾಗೆ ಅವನ ಕೈ ಹಿಡಿಯಲು ಹೋದೆ.

ನೋಡಿ, ಎಂಥ ವಿಚಿತ್ರ! ಸ್ವಂತ ಮಗನಿಗೆ ತೋರಿಸಲಾಗದ ಮಮತೆಯನ್ನು ಯಾರೋ ಅಪರಿಚಿತನಿಗೆ ತೋರಿಸಿ, ಅದರಿಂದ ಒಂದು ಹುಡುಗಿಯ ಜೀವವೇ ಹೋಯಿತು. ಮಗನಿಗೆ ಅದು ಗೊತ್ತಾಗಲು ಎರಡು ದಶಕಕ್ಕೂ ಹೆಚ್ಚು ಕಾಲ ಬೇಕಾಯಿತು. ಅದೂ ಪ್ರಮಾಣ ಮಾಡಿಸಿ, ಊರವರ ಎದುರಿನಲ್ಲಿ.

ಆ ಉತ್ತರದಿಂದ ಕೇಸಿಗೇನೂ ಲಾಭವಾಗುವುದಿಲ್ಲ. ಡಿಕ್ಕಿ ಹೊಡೆದದ್ದು ನೆನಪಿಲ್ಲ ಎನ್ನುವ ಜಡ್ಜ್ ಸಾಹೇಬರು, ತಾವು ನಿರಪರಾಧಿ ಎಂದು ಹೇಳಲೂ ಒಪ್ಪುವುದಿಲ್ಲ. ಉದ್ದೇಶಪೂರ್ವಕ ಕೊಲೆಯ ಆರೋಪ ಬಿದ್ದುಹೋಗುತ್ತದೆ, ಆದರೆ ಅದಕ್ಕಿಂತ ಕೆಳಗಿನ ನರಹತ್ಯೆಯ ಆರೋಪ ಸಾಬೀತಾಗಿ ನಾಲ್ಕು ವರ್ಷ ಸೆರೆಮನೆ. ಏಳು ತಿಂಗಳಿಗೆ, ಕಾಯಿಲೆಯ ಕಾರಣ ಬಿಡುಗಡೆ. ಆಮೇಲೆ ಒಂದು ದಿನ ಕೆರೆಯಲ್ಲಿ ದೋಣಿಯಲ್ಲಿ ಕುಳಿತು ಮೀನು ಹಿಡಿಯುತ್ತಿರುವಾಗ, ತಾನು ಕಂಡ ಅತ್ಯುತ್ತಮ ವಕೀಲ ನೀನೇ ಎಂದು ಮಗನಿಗೆ ಹೇಳುತ್ತಾರೆ. ಸ್ವಲ್ಪ ಹೊತ್ತಿಗೆ ಅಲ್ಲೇ ಸದ್ದಿಲ್ಲದೆ ಪ್ರಾಣ ಹೋಗುತ್ತದೆ. ಮಗ ಇಡೀ ಜೀವನ ಕಾದಿದ್ದ ಆ ಒಂದು ವಾಕ್ಯ ಸಿಕ್ಕಿತು, ಆದರೆ ಅದನ್ನು ಇಟ್ಟುಕೊಂಡು ಅಪ್ಪನ ಜೊತೆ ಬಾಳಲು ಒಂದು ದಿನವೂ ಸಿಗಲಿಲ್ಲ.

ಚಿತ್ರದಲ್ಲಿ ಕೊರತೆಗಳಿವೆ. ಎರಡು ಗಂಟೆ ಇಪ್ಪತ್ತು ನಿಮಿಷ ಬಹಳ ಉದ್ದವಾಯಿತು. ಹ್ಯಾಂಕನ ಹಳೆಯ ಪ್ರೇಯಸಿಯ ಪ್ರಸಂಗ ಇಲ್ಲದಿದ್ದರೂ ನಡೆಯುತ್ತಿತ್ತು. ಆದರೆ ಡುವಾಲ್ ಅವರ ಅಭಿನಯಕ್ಕಾಗಿ ಎಲ್ಲವನ್ನೂ ಕ್ಷಮಿಸಬಹುದು. 2015ರಲ್ಲಿ, ಎಂಬತ್ತನಾಲ್ಕರ ವಯಸ್ಸಿನಲ್ಲಿ, ಈ ಪಾತ್ರಕ್ಕಾಗಿ ಅವರ ಹೆಸರು ಆಸ್ಕರ್‌ಗೆ ಸೂಚಿತವಾಗಿತ್ತು. ನಾನು ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವಳು. ಹಾರ್ಪರ್ ಲೀ ಅವರ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿ ಇಂದಿಗೂ ಪ್ರಿಯ. 1962ರಲ್ಲಿ ಅದು ಸಿನಿಮಾ ಆದಾಗ ಬೂ ರ್‍ಯಾಡ್ಲಿಯ ಪಾತ್ರ ಮಾಡಿದವರು ಇದೇ ಡುವಾಲ್. ಅದು ಅವರ ಮೊದಲ ಚಿತ್ರ, ಅದರಲ್ಲಿ ಅವರಿಗೆ ಒಂದು ಮಾತೂ ಇರಲಿಲ್ಲ! ಅದೂ ಕೋರ್ಟಿನ ಕಥೆಯೇ, ಅಲ್ಲಿಯೂ ಒಬ್ಬ ತಂದೆ. ಆದರೆ ಆ ಅಟಿಕಸ್ ಫಿಂಚ್ ಮಕ್ಕಳ ಪ್ರಶ್ನೆಗೆಲ್ಲ ಸಮಾಧಾನದಿಂದ ಉತ್ತರ ಕೊಡುವ ಆದರ್ಶ ತಂದೆ. ಅಂಥವರು ಪುಸ್ತಕದಲ್ಲಿ ಸಿಗುತ್ತಾರೆ. ನಮ್ಮ ನಿಮ್ಮ ಮನೆಗಳಲ್ಲಿ ಹೆಚ್ಚಾಗಿ ಸಿಗುವವರು ಜಡ್ಜ್ ಸಾಹೇಬರೇ.

ಇನ್ನೊಂದು ದೃಶ್ಯವನ್ನು ಹೇಳದಿದ್ದರೆ ತಪ್ಪಾದೀತು. ಒಂದು ದಿನ ಜಡ್ಜ್ ಸಾಹೇಬರು ಬಚ್ಚಲಿನಲ್ಲಿ ಕುಸಿದು ಬೀಳುತ್ತಾರೆ, ಮೈಯೆಲ್ಲ ಹೊಲಸಾಗುತ್ತದೆ. ಹ್ಯಾಂಕ್ ಓಡಿ ಬಂದು ಎತ್ತಿ, ತಾನೂ ತೊಯ್ದು, ಅವರನ್ನು ತೊಳೆಯುತ್ತಾನೆ. ಆ ಹೊತ್ತಿಗೇ ಹ್ಯಾಂಕನ ಪುಟ್ಟ ಮಗಳು ಬಾಗಿಲು ತಟ್ಟುತ್ತಾಳೆ. ಒಳಗೆ ಇಬ್ಬರಿಗೂ ನಗು ಬರುತ್ತದೆ. ಅಲ್ಲಿ ಜಡ್ಜ್ ಇಲ್ಲ, ವಕೀಲನಿಲ್ಲ. ಇದನ್ನು ನೋಡುವಾಗ ನಮ್ಮ ಮನೆಯವರು ಚಹದ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದರು. ಏನೂ ಹೇಳಲಿಲ್ಲ. ಚಹ ಆರಿ ತಣ್ಣಗಾಯಿತು.

ಡೌನಿಯ ಸ್ವಂತ ಜೀವನವನ್ನು ಬಲ್ಲವರಿಗೆ ಈ ಚಿತ್ರ ಇನ್ನೂ ಹತ್ತಿರವಾಗುತ್ತದೆ. ಅವನ ತಂದೆ ರಾಬರ್ಟ್ ಡೌನಿ ಸೀನಿಯರ್ ಚಿತ್ರ ನಿರ್ದೇಶಕರು. ಐದರ ಹರೆಯದಲ್ಲೇ ಮಗ ತಂದೆಯ ಚಿತ್ರದಲ್ಲಿ ನಟಿಸಿದ. ಮನೆಯಲ್ಲಿದ್ದ ಮಾದಕ ವಸ್ತುವಿನ ಸಹವಾಸವೂ ಎಳೆಯ ವಯಸ್ಸಿಗೇ ಅಂಟಿತು, ಮುಂದೆ ಜೈಲಿನವರೆಗೆ ಎಳೆದೊಯ್ದಿತು. ಆ ಬಗ್ಗೆ ತಂದೆ ಬಹಿರಂಗವಾಗಿಯೇ ಪಶ್ಚಾತ್ತಾಪಪಟ್ಟಿದ್ದಾರೆ. 2021ರಲ್ಲಿ ತಂದೆ ತೀರಿಕೊಂಡರು. ಅವರ ಕೊನೆಯ ದಿನಗಳಲ್ಲಿ ಮಗ ಕ್ಯಾಮೆರಾ ಇಟ್ಟುಕೊಂಡು ಅವರ ಜೊತೆ ಮಾತಾಡಿದ್ದು 2022ರಲ್ಲಿ ‘ಸೀನಿಯರ್’ ಎಂಬ ಸಾಕ್ಷ್ಯಚಿತ್ರವಾಗಿ ಬಂದಿದೆ. ಕನ್ನಡದಲ್ಲಿ ಅದಕ್ಕೆ ‘ಸಾಕ್ಷ್ಯ’ಚಿತ್ರ ಎನ್ನುತ್ತೇವಲ್ಲ, ಇಲ್ಲಿ ಆ ಶಬ್ದ ಎಷ್ಟು ಸರಿಯಾಗಿ ಒಪ್ಪುತ್ತದೆ!

ಈಗ ನಮ್ಮ ಮನೆಗೆ ಬರುತ್ತೇನೆ. ನಾನು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ನಾನಿಲ್ಲದೆ ಇವರಿಬ್ಬರೂ ಹೇಗೆ ಮಾತಾಡಿದರೋ ಎಂದು ಕುತೂಹಲ. ಬಂದು ನೋಡಿದರೆ ಫ್ರಿಜ್ಜಿನ ಬಾಗಿಲ ಮೇಲೆ ಸಾಲಾಗಿ ಚೀಟಿಗಳು! ‘ಹಾಲು ಕಾಯಿಸಿದೆ.’ ‘ಸಿಲಿಂಡರ್ ಬರುತ್ತದೆ, ಮನೆಯಲ್ಲಿರಬೇಕು.’ ನಾಲ್ಕೂ ದಿನ ಚೀಟಿಯಲ್ಲೇ ಸಂಸಾರ. ಅವುಗಳಲ್ಲಿ ಒಂದು ಮಗನದು, ಕನ್ನಡದಲ್ಲಿ. ಚಿಕ್ಕಂದಿನಲ್ಲಿ ನಮ್ಮ ಸಂಘದ ಭಾನುವಾರದ ಕ್ಲಾಸಿನಲ್ಲಿ ಕಲಿತ ಅಕ್ಷರ, ಇರುವೆ ನಡೆದ ಹಾಗೆ. ‘ಅಪ್ಪ, ಬಿ.ಪಿ. ಮಾತ್ರ ಮುಗಿದಿದೆ. ತಂದಿದೇನೆ.’ ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿಯೇ ಬರುತ್ತದೆ. ಆದರೂ ಅವನು ಕಷ್ಟಪಟ್ಟು ಕನ್ನಡದಲ್ಲಿ ಬರೆದಿದ್ದ. ನಮ್ಮ ಮನೆಯವರು ಏನು ಮಾಡಿದ್ದರು ಗೊತ್ತೇ? ಕೆಂಪು ಪೆನ್ನಿನಿಂದ ‘ಮಾತ್ರ’ವನ್ನು ‘ಮಾತ್ರೆ’ ಮಾಡಿ, ‘ತಂದಿದೇನೆ’ಗೆ ಒತ್ತು ಕೊಟ್ಟು, ಚೀಟಿಯನ್ನು ಮತ್ತೆ ಅಲ್ಲೇ ಅಂಟಿಸಿದ್ದರು! ಒಳ್ಳೆಯದಾಯಿತು ಎಂಬ ಒಂದು ಮಾತಿಲ್ಲ.

ಅಂದು ನಾನು ನಕ್ಕೆ. ಸಿನಿಮಾ ನೋಡಿದ ಮೇಲೆ ಆ ಚೀಟಿಯನ್ನು ಮತ್ತೆ ತೆಗೆದು ನೋಡಿದೆ, ನಗು ಬರಲಿಲ್ಲ. ಮಾತ್ರೆ ತಂದವನಿಗೆ ಕೇಳಬೇಕಾದದ್ದು ಒಂದಿತ್ತು, ತಿದ್ದಿದವರಿಗೆ ಹೇಳಬೇಕಾದದ್ದು ಒಂದಿತ್ತು. ಎರಡೂ ಆ ಕೆಂಪು ಶಾಯಿಯಲ್ಲಿ ಸಿಕ್ಕಿಕೊಂಡಿವೆ. ಇಷ್ಟು ದಿನ ಟಪಾಲು ಹೊತ್ತು ನಾನು ಮನೆಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಒಬ್ಬರು ಇನ್ನೊಬ್ಬರನ್ನು ನೇರವಾಗಿ ಕೇಳುವ ಅಗತ್ಯವೇ ಬರದಂತೆ ಮಾಡುತ್ತಿದ್ದೆನೋ ಏನೋ.

ಆದ್ದರಿಂದ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಈಗ ‘ಅಪ್ಪನಿಗೆ ಹೇಳಮ್ಮ’ ಎಂದರೆ ‘ಅಲ್ಲೇ ಇದ್ದಾರಲ್ಲ, ನೀನೇ ಹೇಳು’ ಎನ್ನುತ್ತೇನೆ. ಮೊದಲ ವಾರ ಮನೆಯಲ್ಲಿ ಬರೀ ಮೌನ. ಮೊನ್ನೆ ರಾತ್ರಿ ಊಟಕ್ಕೆ ಕುಳಿತಾಗ ಮಗ ತಟ್ಟೆ ನೋಡುತ್ತಲೇ ಕೇಳಿದ, ‘ಅಪ್ಪಾ, ನಾನು ಕೆಲಸ ಬಿಟ್ಟಾಗ ನಿಮಗೆ ಸಿಟ್ಟು ಬಂತೋ, ಹೆದರಿಕೆ ಆಯ್ತೋ?’ ಅವರು ಬಹಳ ಹೊತ್ತು ಸುಮ್ಮನಿದ್ದರು. ನನಗೆ ಬಾಯಿ ತುರಿಸುತ್ತಿತ್ತು, ಅವರ ಪರವಾಗಿ ನಾನೇ ಉತ್ತರ ಹೇಳಿಬಿಡೋಣ ಎಂದು. ತಡೆದುಕೊಂಡು ಮಜ್ಜಿಗೆ ತರಲು ಒಳಗೆ ಹೋದೆ. ಮಜ್ಜಿಗೆ ಸಿದ್ಧವಾಗಿಯೇ ಇತ್ತು, ಆದರೂ ಬೇಗ ಹೊರಗೆ ಬರಲಿಲ್ಲ.

ನಿಮ್ಮ ಮನೆಯಲ್ಲೂ ನಿಮ್ಮಮ್ಮ ಟಪಾಲು ಹೊರುತ್ತಿದ್ದರೆ, ಇವತ್ತು ಒಂದು ದಿನ ಆಕೆಗೆ ರಜೆ ಕೊಡಿ. ಅಪ್ಪನಿಗೆ ಹೇಳಬೇಕಾದದ್ದನ್ನು ಅಪ್ಪನಿಗೇ ಹೇಳಿ. ಒತ್ತಕ್ಷರ ತಪ್ಪಿದರೂ ಚಿಂತೆಯಿಲ್ಲ, ತಿದ್ದುತ್ತಾರೆ.