ಐದು ರೂಪಾಯಿ ನಾಣ್ಯ, ಬೆಲ್ಲದ ಪಾಕದ ವಾಸನೆ

ಮಕ್ಕಳೇ, ಹೋದ ತಿಂಗಳು ನಮ್ಮ ಕಾರಿನಲ್ಲಿ ಒಂದು ಐದು ರೂಪಾಯಿ ನಾಣ್ಯ ಕಳೆದುಹೋಯಿತು. ಅದನ್ನು ಹುಡುಕುವಾಗ ನಾನು ಮೂರು ತಿಂಗಳಿಂದ ಮುಚ್ಚಿಟ್ಟಿದ್ದ ಒಂದು ಗುಟ್ಟು ಹೊರಬಿತ್ತು. ಮನೆಯಲ್ಲಿ ಒಪ್ಪಿಕೊಂಡಾಗಿದೆ. ಈಗ ನಿಮ್ಮ ಮುಂದೆಯೂ ಒಪ್ಪಿಕೊಂಡುಬಿಡುತ್ತೇನೆ. ಪಕ್ಕದಲ್ಲಿ ಕನ್ನಡಕ ಏರಿಸಿಕೊಂಡು ಕೂತಿರುವ ನಿಮ್ಮ ಅಜ್ಜ ಅಜ್ಜಿಯರೂ ಕೇಳಿಸಿಕೊಳ್ಳಲಿ.

ನಮ್ಮ ಪುಟ್ಟ ಕಾರನ್ನು ಕೊಂಡದ್ದು 2006ರಲ್ಲಿ, ನಾನಿನ್ನೂ ಬ್ಯಾಂಕಿನಲ್ಲಿದ್ದಾಗ, ಸಿಬ್ಬಂದಿ ಸಾಲದಲ್ಲಿ. 15 ವರ್ಷ ತುಂಬಿದಾಗ ಆರ್.ಟಿ.ಒ. ಕಚೇರಿಗೆ ಒಯ್ದು ತೋರಿಸಿ, ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡು ಬಂದಿದ್ದೆ. ನನಗಿರುವ ಮಂಡಿನೋವು ಅದಕ್ಕಿಲ್ಲ ಎಂದು ಎಲ್ಲರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮೊಮ್ಮಗಳನ್ನು ಸಂಗೀತ ಪಾಠಕ್ಕೆ ಬಿಟ್ಟು ಕರೆತರುವುದು ನನ್ನ ಡ್ಯೂಟಿ. ಅವಳು ಐದನೇ ತರಗತಿ. ಆ ದಿನ ಹಿಂದಿನ ಸೀಟಿನಲ್ಲಿ ಕೂತು ನಾಣ್ಯ ಚಿಮ್ಮಿಸಿ ಆಡುತ್ತಿದ್ದಳು. ನಾಣ್ಯ ಜಾರಿ ಮುಂದಿನ ಎಡಗಡೆ ಸೀಟಿನ ಕೆಳಗೆ ಉರುಳಿತು. ಮನೆಗೆ ಬಂದ ಮೇಲೆ ಕೈ ತೂರಿಸಿ ತಡಕಾಡಿದಳು. ಕೈ ಹೊರಗೆ ಬಂದಾಗ ಬೆರಳೆಲ್ಲ ಒದ್ದೆ, ಅಂಟಂಟು. ಮೂಸಿ ನೋಡಿ, “ಅಜ್ಜ, ಬೆಲ್ಲದ ಪಾಕದ ವಾಸನೆ! ನಾನು ಅವತ್ತೇ ಹೇಳಿರಲಿಲ್ವಾ?” ಎಂದಳು.

ಹೇಳಿದ್ದಳು, ನಿಜ. ಹದಿನೈದು ದಿನದ ಹಿಂದೆಯೇ ಹೇಳಿದ್ದಳು. “ನಿನ್ನ ತಿಂಡಿ ಡಬ್ಬಿಯ ಹೋಳಿಗೆ ಇರಬೇಕು” ಎಂದು ನಾನು ತಳ್ಳಿಹಾಕಿದ್ದೆ.

ಅಷ್ಟರಲ್ಲಿ ಬೆರಳು ಬಾಯಿಯ ಹತ್ತಿರ ಹೋಗುತ್ತಿತ್ತು. ನಾನು ಕಿರುಚಿದ ರಭಸಕ್ಕೆ ಅವಳಜ್ಜಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. ಸೋಪು ಹಚ್ಚಿ ಎರಡು ಸಲ ಕೈ ತೊಳೆಸಿದೆ. ಮಕ್ಕಳೇ, ಇದನ್ನು ನೆನಪಿಡಿ. ಕಾರಿನ ಎಂಜಿನ್ ತಂಪಾಗಿರಲು ನೀರಿನ ಜೊತೆ ಕೂಲಂಟ್ ಎಂಬ ದ್ರವ ಬೆರೆಸಿರುತ್ತಾರೆ. ಹಸಿರೋ ಕೆಂಪೋ ಬಣ್ಣದಲ್ಲಿ ಶರಬತ್ತಿನ ಹಾಗೆ ಕಾಣುತ್ತದೆ. ಸಾಮಾನ್ಯವಾಗಿ ಅದರಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ವಾಸನೆ ಸಿಹಿ, ರುಚಿಯೂ ಸಿಹಿಯಂತೆ, ಆದರೆ ಅದು ವಿಷ. ನೆಲದ ಮೇಲೆ ಸೋರಿದ್ದನ್ನು ನಾಯಿ, ಬೆಕ್ಕು ನೆಕ್ಕಿ ಸಾಯುವುದುಂಟು.

ಈಗ ಗುಟ್ಟಿನ ವಿಷಯ. ಬಾನೆಟ್ ಎತ್ತಿದರೆ ರೇಡಿಯೇಟರ್ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಅದರ ಮೇಲೆ ಮೇಲೊಂದು, ಕೆಳಗೊಂದು ಗೆರೆ. ಎಂಜಿನ್ ತಣ್ಣಗಿದ್ದಾಗ ಕೂಲಂಟ್ ಆ ಎರಡು ಗೆರೆಗಳ ನಡುವೆ ಇರಬೇಕು. ನಮ್ಮ ಕಾರಿನಲ್ಲಿ ಅದು ಮೂರು ತಿಂಗಳಿಂದ ಇಳಿಯುತ್ತಲೇ ಇತ್ತು. ಮೊದಲೆರಡು ಸಲ ಅಂಗಡಿಯಿಂದ ಕೂಲಂಟ್ ತಂದು ಹಾಕಿದೆ. ಆಮೇಲೆ ದುಡ್ಡು ದಂಡವೆಂದು ನಲ್ಲಿ ನೀರನ್ನೇ ಸುರಿಯತೊಡಗಿದೆ. ಡಿಕ್ಕಿಯಲ್ಲಿ ಹಳೆಯ ಗೋಣಿಚೀಲದ ಕೆಳಗೆ ಎರಡು ಬಾಟಲಿ ನೀರು ಬಚ್ಚಿಟ್ಟಿರುತ್ತಿದ್ದೆ. ಯಾರೂ ನೋಡದ ಹೊತ್ತಿನಲ್ಲಿ, ಬೆಳಗಿನ ವಾಕಿಂಗ್ ನೆಪದಲ್ಲಿ, ತೂತು ಮಡಕೆಗೆ ನೀರು ತುಂಬುವ ಕೆಲಸ.

ಯಾಕೆ ಮುಚ್ಚಿಟ್ಟೆ? ಮಗಳು ಒಂದು ವರ್ಷದಿಂದ, “ಅಪ್ಪ, ಇನ್ನು ಡ್ರೈವಿಂಗ್ ಸಾಕು” ಎನ್ನುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಶಿವಮೊಗ್ಗದಿಂದ ಉಡುಪಿಗೆ, ನನ್ನ ತಂಗಿಯ ಮನೆಗೆ, ಎಲ್ಲರೂ ಹೋಗುವುದೆಂದಿತ್ತು. ಕಾರು ನಾನೇ ಓಡಿಸುತ್ತೇನೆಂದು ಹಟ ಹಿಡಿದಿದ್ದೆ. ಕಾರು ನೀರು ಕುಡಿಯುತ್ತಿದೆ ಎಂದರೆ ಮೊದಲು ಕಾರು ಹೋಗುತ್ತದೆ, ಹಿಂದೆಯೇ ನನ್ನ ಸ್ಟೀರಿಂಗೂ ಹೋಗುತ್ತದೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೆ.

ನಾಚಿಕೆಯ ಸಂಗತಿ ಏನೆಂದರೆ, ಇದೇ ನಾನು ಬ್ಯಾಂಕಿನಲ್ಲಿದ್ದಾಗ ಲೆಜರ್‌ನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಒಂಬತ್ತರವರೆಗೆ ಕೂತು ಹುಡುಕುತ್ತಿದ್ದೆ. ಜೇಬಿನಿಂದ ಒಂದು ರೂಪಾಯಿ ಹಾಕಿ ಮುಗಿಸೋಣ ಎಂದವರನ್ನು ಕೆಕ್ಕರಿಸಿ ನೋಡುತ್ತಿದ್ದೆ. ಹುಡುಕುವುದಕ್ಕೆ ನಮ್ಮಲ್ಲೊಂದು ಉಪಾಯವಿತ್ತು, ನಿಮಗೂ ಹೇಳಿಕೊಡುತ್ತೇನೆ. ವ್ಯತ್ಯಾಸ 9ರಿಂದ ನಿಶ್ಶೇಷವಾಗಿ ಭಾಗವಾದರೆ, ಯಾರೋ ಎರಡು ಅಂಕಿಗಳನ್ನು ಹಿಂದುಮುಂದಾಗಿ ಬರೆದಿರುವ ಸಾಧ್ಯತೆ ಹೆಚ್ಚು. 72ರ ಬದಲು 27 ಬರೆದರೆ ವ್ಯತ್ಯಾಸ 45. ನೀವೇ ಬೇರೆ ಸಂಖ್ಯೆ ಹಿಡಿದು ಮಾಡಿ ನೋಡಿ. ವ್ಯತ್ಯಾಸವೇ ತಪ್ಪಿನ ಸುಳಿವು ಕೊಡುತ್ತದೆ.

ಕಾರೂ ಹಾಗೆಯೇ ಎಂದು ತಿಳಿದದ್ದು ಮರುದಿನ, ನಮ್ಮ ಬೀದಿ ತುದಿಯ ಗ್ಯಾರೇಜಿನಲ್ಲಿ. ಅಲ್ಲಿಯ ಮೇಸ್ತ್ರಿ ನನ್ನ ಕಥೆ ಕೇಳಿ, “ಸಾರ್, ನೀರು ಆವಿಯಾಗಿ ಸುಮ್ಮನೆ ಹೋಗಲ್ಲ. ಎಲ್ಲಿಗಾದ್ರೂ ಹೋಗ್ಲೇಬೇಕು” ಎಂದ. ಮುಂದಿನ ಬಂಪರ್ ಕೆಳಗೆ ನೆಲ ಒದ್ದೆಯಾದರೆ ರೇಡಿಯೇಟರೋ ಅದರ ರಬ್ಬರ್ ಹೋಸೋ ಸೋರುತ್ತಿರಬಹುದು. ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಎಂಜಿನ್ ಒಳಗೇ ಸೋರಿಕೆ, ಅದು ದೊಡ್ಡ ಖರ್ಚು. ಕಾರಿನ ಒಳಗೆ ಎಡಗಡೆ ಕಾಲಿಡುವ ಜಾಗದ ಚಾಪೆ ಒದ್ದೆಯಾದರೆ? ಏಸಿಯ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡರೂ ಅಲ್ಲಿ ಒದ್ದೆಯಾಗುತ್ತದೆ. ಆದರೆ ಆ ನೀರಿಗೆ ಬಣ್ಣವಿಲ್ಲ, ಅಂಟಿಲ್ಲ, ಸಿಹಿ ವಾಸನೆಯಿಲ್ಲ. ಅಂಟೂ ಸಿಹಿ ವಾಸನೆಯೂ ಇದ್ದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್‌ ಮೇಲೆ ಅನುಮಾನ. ಚಳಿಗೆ ಬಿಸಿಗಾಳಿ ಕೊಡಲು ಅಲ್ಲೊಂದು ಪುಟಾಣಿ ರೇಡಿಯೇಟರ್ ಇರುತ್ತದೆ. ಎಂಜಿನ್ನಿನ ಬಿಸಿ ಕೂಲಂಟ್ ಅದರೊಳಗೂ ಹರಿಯುತ್ತದೆ. ನಾನಂತೂ ಆ ಹೀಟರನ್ನು ಬಳಸಿದ್ದೇ ಇಲ್ಲ, ಇದೆಯೆಂಬುದನ್ನೇ ಮರೆತಿದ್ದೆ.

ಮೇಸ್ತ್ರಿ ಅನುಮಾನದ ಮೇಲೆ ಬಿಚ್ಚಲಿಲ್ಲ. ತಣ್ಣಗಿದ್ದ ರೇಡಿಯೇಟರಿನ ಮುಚ್ಚಳ ತೆಗೆದು, ಆ ಜಾಗಕ್ಕೆ ಸೈಕಲ್ ಪಂಪಿನಂಥ ಒಂದು ಕೈಪಂಪು ಕೂಡಿಸಿ ಗಾಳಿ ಒತ್ತಿದ. ಪಂಪಿನ ಮೇಲೊಂದು ಮುಳ್ಳು. ಸೋರಿಕೆ ಇಲ್ಲದಿದ್ದರೆ ಮುಳ್ಳು ಏರಿದಲ್ಲೇ ನಿಲ್ಲಬೇಕು. ನಮ್ಮದು ನೋಡನೋಡುತ್ತಲೇ ಇಳಿಯಿತು. ಬಾನೆಟ್ ಕೆಳಗೆ ಒಂದು ಹನಿಯೂ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟರೆ ತೊಟ್ಟು ತೊಟ್ಟಾಗಿ ಬೀಳುತ್ತಿತ್ತು.

ಇಲ್ಲೊಂದು ಮಾತು, ಕುಕ್ಕರ್ ಕಂಡಿರುವ ಎಲ್ಲರಿಗೂ ಅರ್ಥವಾಗುತ್ತದೆ. ರೇಡಿಯೇಟರಿನ ಮುಚ್ಚಳ ಒಳಗೆ ಒತ್ತಡ ಹಿಡಿದಿಡುತ್ತದೆ. ಒತ್ತಡವಿದ್ದಾಗ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯುವುದಿಲ್ಲ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು, ಕುದಿಯುವ ನೀರೂ ಹಬೆಯೂ ಮುಖಕ್ಕೆ ಚಿಮ್ಮುತ್ತದೆ. ಮುಚ್ಚಳಕ್ಕೆ ಒದ್ದೆ ಬಟ್ಟೆ ಹಾಕಿ ತೆಗೆಯುತ್ತೇನೆ ಎನ್ನುವ ಶೂರರೂ ದಯವಿಟ್ಟು ಸುಮ್ಮನಿರಿ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಕು. ಇನ್ನೊಂದು, ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗತೊಡಗುತ್ತದೆ. ಮಕ್ಕಳ ಬೆರಳು ಅತ್ತ ಸುಳಿಯಬಾರದು.

ಚಾಪೆ ಒಣಗಿಸಲು ಮುಂದಿನ ಸೀಟನ್ನೇ ಬಿಚ್ಚಬೇಕಾಯಿತು. ನಾಲ್ಕು ಬೋಲ್ಟು ತೆಗೆದರೆ ಸೀಟು ಎದ್ದು ಬಂತು. ಅದರ ಕೆಳಗೆ ಏನಿರಲಿಲ್ಲ! ಪೆನ್ನಿನ ಮುಚ್ಚಳ, ಹೇರ್‌ಪಿನ್ನು, ಹುರಿಗಡಲೆ, ಐದು ರೂಪಾಯಿ ನಾಣ್ಯ, ಜೊತೆಗೆ ನಾನು ಒಂದು ವರ್ಷ ಹುಡುಕಿದ ಅಂಚೆ ಕಚೇರಿಯ ರಸೀದಿ. ನಗು ಅಲ್ಲಿಗೇ ನಿಂತಿತು. ಸೀಟು ಹಿಂದೆ ಮುಂದೆ ಜಾರುವ ಹಳಿ ಒದ್ದೆಯಲ್ಲಿ ತುಕ್ಕು ಹಿಡಿದಿತ್ತು. ಹಳಿಯನ್ನು ಹಿಡಿದು ನಿಲ್ಲಿಸುವ ಕೊಂಡಿ ಒಂದು ಕಡೆ ಕಚ್ಚಿಕೊಳ್ಳುತ್ತಲೇ ಇರಲಿಲ್ಲ. ಆ ಸೀಟಿನಲ್ಲಿ ಕೂರುವವಳು ನನ್ನ ಹೆಂಡತಿ. ಜೋರಾಗಿ ಬ್ರೇಕ್ ಹಾಕಿದ್ದರೆ ಸೀಟು ಸಮೇತ ಮುಂದಕ್ಕೆ ಜಾರುತ್ತಿದ್ದಳು. ಹಿರಿಯರೇ, ನಿಮ್ಮ ಕಾರಿನಲ್ಲಿ ಇವತ್ತೇ ನೋಡಿ. ಸೀಟು ಸರಿಸಿ ಬಿಟ್ಟ ಮೇಲೆ ಎರಡೂ ಹಳಿಗಳಲ್ಲಿ ಟಕ್ ಎಂಬ ಸದ್ದು ಬರಬೇಕು. ಆಮೇಲೆ ಕೂತಲ್ಲಿಂದಲೇ ಹಿಂದೆ ಮುಂದೆ ಜಗ್ಗಿ ನೋಡಿ, ಅಲುಗಬಾರದು.

ಹಿಂದಿನ ಸೀಟಿನ ಬೆಲ್ಟ್ ಕೇಳಿದರೆ ಎಲ್ಲಿದೆ ಎಂದೇ ನನಗೆ ಗೊತ್ತಿರಲಿಲ್ಲ. ಚೆಂದಕ್ಕೆಂದು ಹೊಲಿಸಿದ ಕವರಿನ ಕೆಳಗೆ ಅದರ ಕೊಂಡಿಗಳು ಎಷ್ಟೋ ವರ್ಷದಿಂದ ಮುಚ್ಚಿಹೋಗಿದ್ದವು. ಹಿಂದೆ ಕೂರುವವರೂ ಬೆಲ್ಟ್ ಹಾಕಬೇಕೆಂಬುದು ನಿಯಮ. ಮೊಮ್ಮಗಳನ್ನು ಕೂರಿಸುವುದು ಅಲ್ಲೇ, ಆದರೂ ನನಗೆ ಬೇಕಾಗಿದ್ದು ಕವರಿನ ಹೂವಿನ ಚಿತ್ರ. ಕವರ್ ಕತ್ತರಿಸಿ ಕೊಂಡಿ ಹೊರಗೆ ತೆಗೆಸಿದೆ. ಬೆಲ್ಟನ್ನು ಮೆಲ್ಲಗೆ ಎಳೆದರೆ ಬರಬೇಕು, ಫಟ್ಟನೆ ಜಗ್ಗಿದರೆ ಹಿಡಿದುಕೊಳ್ಳಬೇಕು. ನಮ್ಮದು ಪುಣ್ಯಕ್ಕೆ ಹಿಡಿಯಿತು.

ಇಷ್ಟಕ್ಕೇ ಮುಗಿಯಲಿಲ್ಲ. ಮೇಸ್ತ್ರಿ ಫ್ಯೂಸ್ ಡಬ್ಬಿ ತೆರೆದು ನನ್ನ ಮುಖ ನೋಡಿದ. “ಇಲ್ಲಿ ಈ ಹಸಿರು ಫ್ಯೂಸ್ ಹಾಕಿದ್ದು ಯಾರು ಸಾರ್?” ನಾನೇ. ಬೇಸಿಗೆಯ ಆರಂಭದಲ್ಲಿ ರೈಲ್ವೆ ಗೇಟಿನ ಮುಂದೆ ನಿಂತಿದ್ದಾಗ ಬಿಸಿ ತೋರಿಸುವ ಮುಳ್ಳು ಏರತೊಡಗಿತ್ತು. ರೇಡಿಯೇಟರ್ ಫ್ಯಾನಿನ ಫ್ಯೂಸ್ ಸುಟ್ಟಿತ್ತು. ಅದು ಹಳದಿ, 20 ಆಂಪಿಯರಿನದು. ನನ್ನ ಹತ್ತಿರ ಹಸಿರು, 30 ಆಂಪಿಯರಿನದು ಇತ್ತು. ದೊಡ್ಡದಾದರೆ ಒಳ್ಳೆಯದೇ ಅಲ್ಲವೇ ಎಂದು ಸಿಕ್ಕಿಸಿ ಬಂದಿದ್ದೆ.

ಫ್ಯೂಸ್ ಕಾರಿನ ಕ್ಯಾಷಿಯರ್ ಇದ್ದ ಹಾಗೆ. ಮಿತಿ ಮೀರಿ ಕರೆಂಟು ಹರಿಯಹೊರಟರೆ ತಾನು ಸುಟ್ಟುಕೊಂಡು ವೈರನ್ನು ಉಳಿಸುತ್ತದೆ. ನಮ್ಮ ಫ್ಯಾನಿನ ಬೇರಿಂಗ್ ಬಿಗಿಯಾಗಿ ಮೋಟಾರು ತಿಣುಕುತ್ತಿತ್ತು, ಹೆಚ್ಚು ಕರೆಂಟು ಎಳೆಯುತ್ತಿತ್ತು. ಹಳದಿ ಫ್ಯೂಸ್ ಅದನ್ನೇ ಹೇಳಿತ್ತು. ನಾನು ಅದರ ಬಾಯಿ ಮುಚ್ಚಿಸಿದ್ದೆ. ಮೇಸ್ತ್ರಿ ತೋರಿಸಿದ ವೈರಿನ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿ, ಬಗ್ಗಿಸಿದರೆ ಒಣಗಿದ ಬಾಳೆನಾರಿನಂತೆ ಬಿರುಕು ಬಿಡುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಬೆಂಕಿ ಹತ್ತುವುದಿತ್ತು. ಘಾಟಿಯಲ್ಲಿ ಎಂಜಿನ್ನಿಗೆ ಕೆಲಸ ಹೆಚ್ಚು, ವೇಗ ಕಡಿಮೆ, ಎದುರು ಗಾಳಿ ಸಾಲದು. ಅಲ್ಲಿ ಎಲ್ಲವೂ ಫ್ಯಾನಿನ ಮೇಲೆಯೇ ನಿಂತಿದೆ. ಸೋರುವ ಹೀಟರ್, ತಿಣುಕುವ ಫ್ಯಾನ್, ಸುಡುವ ವೈರ್, ಜಾರುವ ಸೀಟು. ಇಷ್ಟನ್ನು ಕಟ್ಟಿಕೊಂಡು ಆ ಮಗುವನ್ನು ಕೂರಿಸಿಕೊಂಡು ಆಗುಂಬೆ ಹತ್ತಲು ಹೊರಟಿದ್ದೆ.

ಬ್ಯಾಟರಿಯದು ಸಣ್ಣ ವಿಷಯ. ತಂತಿ ಕೂಡುವಲ್ಲಿ ಬಿಳಿ ಹಸಿರು ಕಿಲುಬು ಕಟ್ಟಿತ್ತು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿ, ಒರೆಸಿ, ವ್ಯಾಸಲೀನ್ ಸವರಿದ. ತಂತಿ ಬಿಚ್ಚುವಾಗ ಮೈನಸ್ ಕಡೆಯದು ಮೊದಲು ಎಂದು ಹೇಳಿಕೊಟ್ಟ. ಒಳಗಿರುವುದು ಗಂಧಕಾಮ್ಲ, ಅದು ದೊಡ್ಡವರ ಕೆಲಸ.

ಎರಡು ದಿನ ಹಿಡಿಯಿತು. ಹೀಟರ್, ಹೋಸು, ಫ್ಯಾನ್ ಮೋಟಾರು, ವೈರು ಎಲ್ಲ ಹೊಸದು. ನಾನು ಸುರಿದ ನಲ್ಲಿ ನೀರನ್ನು ಪೂರ್ತಿ ಹೊರಹಾಕಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಹೊಸ ಕೂಲಂಟ್ ತುಂಬಿದ. ಗಡಸು ನೀರು ಒಳಗೆ ಪಾಚಿಕಲ್ಲು ಕಟ್ಟುತ್ತದಂತೆ, ಸ್ನಾನದ ಮನೆಯ ಗೀಸರಿನಲ್ಲಿ ಕಟ್ಟುವ ಹಾಗೆ. ಬಿಲ್ಲಿನ ಮೊತ್ತ ಹೇಳುವುದಿಲ್ಲ, ಅವಳಜ್ಜಿಯೂ ಈ ಪತ್ರಿಕೆ ಓದುತ್ತಾಳೆ.

ಆ ರಾತ್ರಿ ಊಟಕ್ಕೆ ಕೂತಾಗ ಮಗಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅನ್ನ ಕಲಸುತ್ತಲೇ, “ಬಾಟ್ಲಿ ನೋಡಿದ್ದೆ ಅಪ್ಪ. ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ” ಎಂದಳು. ನನಗೆ ಸಾರು ಗಂಟಲಲ್ಲಿ ಇಳಿಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನಾನೇ ಅಂದೆ: ಊರೊಳಗೆ ನಾನು ಓಡಿಸುತ್ತೇನೆ, ಘಾಟಿ ನಿನ್ನದು.

ಉಡುಪಿಯಿಂದ ವಾಪಸು ಬರುವಾಗ ಸೋಮೇಶ್ವರ ದಾಟಿ ಹದಿನಾಲ್ಕು ತಿರುವುಗಳನ್ನೂ ಮಗಳೇ ಹತ್ತಿಸಿದಳು. ನಾನು ಹಿಂದೆ, ಬೆಲ್ಟ್ ಕಟ್ಟಿಕೊಂಡು, ಮೊಮ್ಮಗಳ ಪಕ್ಕದಲ್ಲಿ. ಇಬ್ಬರೂ ಕತ್ತು ಚಾಚಿ ಮುಳ್ಳನ್ನೇ ನೋಡುತ್ತಿದ್ದೆವು. ಅದು ನಡುವೆಯೇ ನಿಂತಿತ್ತು. ಆಗುಂಬೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ಬಾನೆಟ್ ಕೆಳಗಿನಿಂದ ಬುರ್ರೆಂಬ ಸದ್ದು. “ಅಜ್ಜ, ಫ್ಯಾನ್ ತಿರುಗ್ತಿದೆ!” ಎಂದು ಅವಳು ಎಲ್ಲರಿಗೂ ಕೇಳುವಂತೆ ಕೂಗಿದಳು.

ಐದು ರೂಪಾಯಿಯನ್ನು ಬಡ್ಡಿ ಸಮೇತ ವಸೂಲು ಮಾಡಿಕೊಂಡಿದ್ದಾಳೆ. ಈಗ ಪ್ರತಿ ಭಾನುವಾರ ಪಾಠಕ್ಕೆ ಹೊರಡುವ ಮೊದಲು, ಎಂಜಿನ್ ತಣ್ಣಗಿರುವಾಗ, ನನ್ನಿಂದ ಬಾನೆಟ್ ಎತ್ತಿಸಿ ಡಬ್ಬಿಯ ಗೆರೆ ನೋಡುತ್ತಾಳೆ. ಹಳೆಯ ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆಯುತ್ತಾಳೆ. ಮೊನ್ನೆಯ ಸಾಲಿನಲ್ಲಿ ‘ವ್ಯತ್ಯಾಸ ಇಲ್ಲ’ ಎಂದು ಬರೆದು, ಪಕ್ಕದಲ್ಲಿ ನನ್ನ ಸಹಿ ಹಾಕಿಸಿಕೊಂಡಳು.