ಗಿಟಾರ್ ಜಗಳದಲ್ಲಿ ನನ್ನ ಓಟು ರೊಸೆಟ್ಟಾಗೆ

ನಾವು ಡಿಪ್ಲೊಮಾ ಓದಿದ ಗೆಳೆಯರು ಸೇರಿದಾಗ ರಾಜಕೀಯಕ್ಕಿಂತ ಜೋರಾಗಿ ಜಗಳ ಆಗುವುದು ಎರಡು ವಿಷಯಕ್ಕೆ. ಒಂದು ಕ್ರಿಕೆಟ್, ಇನ್ನೊಂದು ಗಿಟಾರ್. ನಮ್ಮಲ್ಲಿ ಗಿಟಾರ್ ನುಡಿಸಲು ಬರುವವನು ಒಬ್ಬನೂ ಇಲ್ಲ. ಆದರೂ ಜಗತ್ತಿನ ಅತಿ ದೊಡ್ಡ ಗಿಟಾರ್ ವಾದಕ ಯಾರು, ಅತ್ಯುತ್ತಮ ಸೋಲೋ ಯಾವುದು ಅಂತ ರಾತ್ರಿ ಹನ್ನೊಂದರ ತನಕ ವಾದ ನಡೆಯುತ್ತದೆ. ಕುಸ್ತಿ ಕಣದ ಸುತ್ತ ಜಾಸ್ತಿ ಕೂಗುವವರು ಯಾವತ್ತೂ ಕುಸ್ತಿ ಆಡದವರೇ ಅಲ್ಲವೇ, ಹಾಗೆ.

ಸೋಲೋ ಅಂದರೆ ದೊಡ್ಡ ವಿದ್ಯೆ ಏನಲ್ಲ. ಹಾಡುವವರು ಸುಮ್ಮನಾದಾಗ ಒಂದು ವಾದ್ಯ ಮುಂದೆ ಬಂದು ತನ್ನ ಮಾತು ಹೇಳುತ್ತದಲ್ಲ, ಅದೇ. ಸಿನಿಮಾ ಹಾಡಿನಲ್ಲಿ ಪಲ್ಲವಿ ಮುಗಿದು ಚರಣ ಶುರುವಾಗುವ ಮೊದಲು ಬರುವ ತುಣುಕನ್ನು ನೆನೆಸಿಕೊಳ್ಳಿ. ಅಮೆರಿಕ, ಇಂಗ್ಲೆಂಡಿನ ರಾಕ್ ಹಾಡುಗಳಲ್ಲಿ ಆ ಜಾಗ ಹೆಚ್ಚಾಗಿ ಗಿಟಾರಿನದು. ಅಲ್ಲಿ ಅದು ಒಂದು ನಿಮಿಷ, ಎರಡು ನಿಮಿಷವೂ ಎಳೆಯುತ್ತದೆ.

ವಾದದಲ್ಲಿ ಬರುವ ಹೆಸರುಗಳು ಯಾವಾಗಲೂ ಅವೇ. ಲೆಡ್ ಝೆಪ್ಪೆಲಿನ್ ತಂಡದ ಜಿಮ್ಮಿ ಪೇಜ್ 1971ರಲ್ಲಿ 'ಸ್ಟೇರ್‌ವೇ ಟು ಹೆವನ್'ನಲ್ಲಿ ನುಡಿಸಿದ್ದು. 1976ರ 'ಹೋಟೆಲ್ ಕ್ಯಾಲಿಫೋರ್ನಿಯಾ'ದ ಕೊನೆಯಲ್ಲಿ ಡಾನ್ ಫೆಲ್ಡರ್, ಜೋ ವಾಲ್ಶ್ ಇಬ್ಬರೂ ಜುಗಲ್‌ಬಂದಿ ಮಾಡಿದ್ದು. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಎರಡು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಎರಡೂ ಕೈಬೆರಳನ್ನು ತಂತಿ ಮೇಲೆ ಓಡಿಸಿದ 'ಇರಪ್ಶನ್'. ಈ ವ್ಯಾನ್ ಹೇಲನ್ ಯಾರು ಅನ್ನುವವರೂ ಅವರನ್ನು ಕೇಳಿರುತ್ತೀರಿ: ಮೈಕೆಲ್ ಜಾಕ್ಸನ್ 'ಬೀಟ್ ಇಟ್' ಹಾಡಿನ ಮಧ್ಯದ ಗಿಟಾರ್ ಅವರದೇ. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ನನಗೆ 'ಇರಪ್ಶನ್' ಕೇಳಿದಾಗ ಸರ್ಕಸ್ಸಿನಲ್ಲಿ ಬೈಕ್ ಬಾವಿ ನೋಡಿದ ಹಾಗಾಗುತ್ತದೆ. ಅಬ್ಬಾ ಅನ್ನಿಸುತ್ತದೆ, ಮನೆಗೆ ಬರುವಷ್ಟರಲ್ಲಿ ಮರೆತಿರುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮರ್ 1979ರಲ್ಲಿ 'ಕಂಫರ್ಟಬ್ಲಿ ನಂಬ್' ಹಾಡಿಗೆ ನುಡಿಸಿದ ಎರಡನೇ ಸೋಲೋ ಹಾಗಲ್ಲ, ಕೂತು ಕೇಳುವಂಥದ್ದು. ಅದು ಒಂದೇ ಉಸಿರಿಗೆ ಬಂದದ್ದೂ ಅಲ್ಲ. ಹಲವು ಸಲ ನುಡಿಸಿ, ಚೆನ್ನಾಗಿದ್ದ ತುಣುಕುಗಳನ್ನು ಆರಿಸಿ ಜೋಡಿಸಿದ್ದು. ಅದನ್ನು ಕೇಳಿ ನಮ್ಮ ಗೆಳೆಯನೊಬ್ಬ 'ಹಾಗಾದರೆ ಮೋಸ' ಅಂದ. ಮೋಸ ಹೇಗೆ? ನಾವೂ ಒಂದು ವರದಿಯನ್ನು ನಾಲ್ಕು ಸಲ ತಿದ್ದಿ ಕಳಿಸುತ್ತೇವೆ.

ಇವರೆಲ್ಲರಿಗಿಂತ ನಮ್ಮ ಓದುಗರಿಗೆ ಹತ್ತಿರದವರು ಬಿ.ಬಿ. ಕಿಂಗ್. ಮಿಸಿಸಿಪ್ಪಿ ರಾಜ್ಯದ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಡ್ರೈವರ್ ಆಗಿದ್ದವರು. 1946ರಲ್ಲಿ ಟ್ರ್ಯಾಕ್ಟರಿನ ಹೊಗೆ ಕೊಳವೆ ಮುರಿದುಹೋಯಿತು ಅಂತ ಮಾಲೀಕನಿಗೆ ಹೆದರಿ ಮೆಂಫಿಸ್ ನಗರಕ್ಕೆ ಓಡಿಹೋದರು. ಮುಂದೆ 1949ರ ಚಳಿಗಾಲದಲ್ಲಿ ಟ್ವಿಸ್ಟ್ ಅನ್ನುವ ಊರಲ್ಲಿ ನುಡಿಸುತ್ತಿದ್ದಾಗ ಇಬ್ಬರು ಹೊಡೆದಾಡಿಕೊಂಡು, ಚಳಿ ಕಾಯಿಸಲು ಸೀಮೆಎಣ್ಣೆ ಹಾಕಿ ಉರಿಸಿದ್ದ ಡಬ್ಬ ಉರುಳಿ, ಇಡೀ ಕಟ್ಟಡಕ್ಕೆ ಬೆಂಕಿ ಬಿತ್ತು. ಹೊರಗೆ ಓಡಿಬಂದ ಕಿಂಗ್ ಗಿಟಾರ್ ಒಳಗೇ ಉಳಿಯಿತು ಅಂತ ಮತ್ತೆ ಬೆಂಕಿಯೊಳಗೆ ನುಗ್ಗಿದರು. ಜಗಳ ಆಗಿದ್ದು ಲೂಸಿಲ್ ಅನ್ನುವ ಹೆಣ್ಣಿಗಾಗಿ ಅಂತ ಆಮೇಲೆ ತಿಳಿದು, ಇನ್ನೆಂದೂ ಇಂಥ ಹುಚ್ಚುತನ ಮಾಡಬಾರದು ಅಂತ ನೆನಪಿಗೆ ಗಿಟಾರಿಗೆ ಅದೇ ಹೆಸರಿಟ್ಟರು. ಕಿಂಗ್ ನೂರು ಸ್ವರ ಓಡಿಸುವವರಲ್ಲ. ಒಂದೇ ಸ್ವರ ಹಿಡಿದು ನಡುಗಿಸಿದರೆ ಸಾಕು, ಇವರೇ ಅಂತ ಗೊತ್ತಾಗುತ್ತದೆ.

ಇಷ್ಟಾದರೂ ನನ್ನ ಓಟು ಕಿಂಗ್‌ಗೂ ಅಲ್ಲ, ಗಿಲ್ಮರ್‌ಗೂ ಅಲ್ಲ.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆ 2003ರಲ್ಲಿ 100 ಅತಿ ದೊಡ್ಡ ಗಿಟಾರ್ ವಾದಕರ ಪಟ್ಟಿ ಮಾಡಿತು. ಮೊದಲ ಸ್ಥಾನ ಜಿಮಿ ಹೆಂಡ್ರಿಕ್ಸ್‌ಗೆ. ಅದಕ್ಕೆ ನನ್ನ ತಕರಾರಿಲ್ಲ. 1969ರಲ್ಲಿ ವಿಯೆಟ್ನಾಂ ಯುದ್ಧ ನಡೆಯುತ್ತಿದ್ದಾಗ ವುಡ್‌ಸ್ಟಾಕ್ ಉತ್ಸವದಲ್ಲಿ ತನ್ನ ದೇಶದ ರಾಷ್ಟ್ರಗೀತೆಯನ್ನೇ ಗಿಟಾರಿನಲ್ಲಿ ನುಡಿಸುತ್ತಾ, ಬಾಂಬು ಬೀಳುವ ಸದ್ದು ಬರಿಸಿದ ಮನುಷ್ಯ ಅವರು. ಆದರೆ ಆ ನೂರರಲ್ಲಿ ಹೆಂಗಸರು ಎಷ್ಟು? ಇಬ್ಬರು. ಜೋನಿ ಮಿಚೆಲ್, ಜೋನ್ ಜೆಟ್. ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರು ಇರಲಿಲ್ಲ.

ಅದೇ ಪತ್ರಿಕೆ 2023ರಲ್ಲಿ 250 ಜನರ ಹೊಸ ಪಟ್ಟಿ ಮಾಡಿತು. ಅದರಲ್ಲಿ ರೊಸೆಟ್ಟಾ 6ನೇ ಸ್ಥಾನದಲ್ಲಿದ್ದಾರೆ.

ಲೆಕ್ಕ ನೋಡಿ. ಆಕೆ ತೀರಿಕೊಂಡದ್ದು 1973ರಲ್ಲಿ. 2003ರಿಂದ 2023ರ ನಡುವೆ ಆಕೆ ಹೊಸದಾಗಿ ಒಂದು ತಂತಿಯನ್ನೂ ಮೀಟಿಲ್ಲ. ಹಾಗಾದರೆ ನೂರರ ಒಳಗೂ ಇಲ್ಲದವರು ಆರನೆಯವರಾದದ್ದು ಹೇಗೆ? ಗಿಟಾರ್ ಬದಲಾಗಲಿಲ್ಲ, ಕೇಳುವವರ ಕಿವಿ ಬದಲಾಯಿತು.

ರೊಸೆಟ್ಟಾ ಹುಟ್ಟಿದ್ದು 1915ರಲ್ಲಿ, ಅರ್ಕಾನ್ಸಾ ರಾಜ್ಯದ ಕಾಟನ್ ಪ್ಲಾಂಟ್ ಅನ್ನುವ ಊರಲ್ಲಿ. ಊರಿನ ಹೆಸರೇ ಹತ್ತಿ ಗಿಡ. ಅಪ್ಪ ಅಮ್ಮ ಹತ್ತಿ ಬಿಡಿಸುವ ಕಪ್ಪು ಜನಾಂಗದ ಕೂಲಿಗಳು. ಅಮ್ಮ ಚರ್ಚಿನಲ್ಲಿ ಹಾಡುತ್ತಾ, ಬೋಧನೆ ಮಾಡುತ್ತಾ ಊರೂರು ಸುತ್ತುವವರು. ಮಗಳು ನಾಲ್ಕು ವರ್ಷಕ್ಕೇ ಗಿಟಾರ್ ಹಿಡಿದು ಅಮ್ಮನ ಜೊತೆ ಹೊರಟಳು. 1938ಕ್ಕೆ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ದೇವರ ಹಾಡು ಹಾಡಿದರು. ಹೆಂಡ ಕುಡಿಯುವ ಜಾಗದಲ್ಲಿ ದೇವರ ಹಾಡೇ ಅಂತ ಚರ್ಚಿನವರು ಸಿಟ್ಟಾದರು. ಆಕೆ ನಿಲ್ಲಿಸಲಿಲ್ಲ. 1944ರಲ್ಲಿ ರೆಕಾರ್ಡ್ ಮಾಡಿದ 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವೆರಿ ಡೇ' ಹಾಡಿನ ಗಿಟಾರ್ ಕೇಳಿದರೆ, ಹತ್ತು ವರ್ಷದ ನಂತರ ಬಂದ ರಾಕ್ ಅಂಡ್ ರೋಲ್ ಅಲ್ಲೇ ಕೂತಿದೆ. 1947ರಲ್ಲಿ ಮೇಕನ್ ಅನ್ನುವ ಊರಲ್ಲಿ ಒಬ್ಬ ಹುಡುಗನನ್ನು ವೇದಿಕೆಗೆ ಕರೆದು ಹಾಡಿಸಿ, ಕೈಗೆ ದುಡ್ಡೂ ಕೊಟ್ಟರು. ಆ ಹುಡುಗನೇ ಮುಂದೆ ಲಿಟ್ಲ್ ರಿಚರ್ಡ್ ಆದ.

ಈಗ ನನ್ನ ಓಟು ಬಿದ್ದ ಜಾಗಕ್ಕೆ ಬರುತ್ತೇನೆ. 1964ರ ಮೇ ತಿಂಗಳು, ಇಂಗ್ಲೆಂಡಿನ ಮ್ಯಾಂಚೆಸ್ಟರ್. ಪ್ರಯಾಣಿಕರ ರೈಲು ನಿಂತುಹೋಗಿದ್ದ ವಿಲ್ಬ್ರಹಾಮ್ ರೋಡ್ ಅನ್ನುವ ಸ್ಟೇಷನ್. ಟಿವಿಯವರು ಅದನ್ನು ಅಮೆರಿಕದ ದಕ್ಷಿಣದ ಹಳ್ಳಿ ಸ್ಟೇಷನ್ನಿನಂತೆ ಸಿಂಗರಿಸಿದ್ದರು. (ಹತ್ತಿ ಹೊಲದಿಂದ ಬಂದವಳಿಗೆ ಹತ್ತಿ ಸೀಮೆಯ ಸೆಟ್!) ಒಂದು ಪ್ಲಾಟ್‌ಫಾರ್ಮಿನಲ್ಲಿ ಕಲಾವಿದರು, ಹಳಿಯ ಆಚೆಯ ಪ್ಲಾಟ್‌ಫಾರ್ಮಿನಲ್ಲಿ ಜನ. ಅಷ್ಟರಲ್ಲಿ ಮಳೆ ಸುರಿಯಿತು. 49 ವರ್ಷದ ರೊಸೆಟ್ಟಾ ಕುದುರೆ ಗಾಡಿಯಲ್ಲಿ ಬಂದು ಇಳಿದು, ಕೋಟು ಹಾಕಿಕೊಂಡೇ, ಬಿಳಿ ಎಲೆಕ್ಟ್ರಿಕ್ ಗಿಟಾರ್ ಕೊರಳಿಗೆ ಹಾಕಿಕೊಂಡು, ಆ ಮಳೆಗೆ ತಕ್ಕಂತೆ 'ಡಿಡಂಟ್ ಇಟ್ ರೇನ್' ಎತ್ತಿಕೊಂಡರು. ನೋಹನ ಕಾಲದ ಪ್ರಳಯದ ಮಳೆಯ ಹಾಡು.

ಮಧ್ಯೆ ಹಾಡು ನಿಲ್ಲಿಸಿ ಗಿಟಾರ್ ಮೀಟುತ್ತಾರೆ ನೋಡಿ, ಅದೇ ನನ್ನ ಪಟ್ಟಿಯ ಮೊದಲನೇ ಸೋಲೋ. ಉದ್ದವಿಲ್ಲ. ಭಜನೆಯಲ್ಲಿ ಒಬ್ಬರು ಸೊಲ್ಲು ಎತ್ತಿಕೊಟ್ಟರೆ ಉಳಿದವರು ಹಿಂದೆ ಹೇಳುತ್ತಾರಲ್ಲ, ಹಾಗೆ ಆಕೆಯ ದನಿ ಕೇಳುತ್ತದೆ, ಗಿಟಾರ್ ಉತ್ತರ ಕೊಡುತ್ತದೆ. ಎರಡೂ ಒಬ್ಬರದೇ. ಅಷ್ಟು ಹೊತ್ತು ಮಳೆಗೆ ಮುದುಡಿ ಕೂತಿದ್ದ ಜನ ಚಪ್ಪಾಳೆ ಹಾಕುತ್ತಾ ಕುಣಿಯಲು ಶುರು ಮಾಡುತ್ತಾರೆ.

ಗೆಳೆಯರ ವಾದ ಏನೆಂದರೆ, ಹೆಂಡ್ರಿಕ್ಸ್ ನುಡಿಸಿದ್ದರಲ್ಲಿ ಅರ್ಧ ಕಷ್ಟವೂ ಇದರಲ್ಲಿಲ್ಲ. ಸರಿ, ಇಲ್ಲ. ಆದರೆ ಡಾಂಬರು ಬಿದ್ದ ಮೇಲೆ ಅದೇ ರಸ್ತೆಯಲ್ಲಿ 120 ಸ್ಪೀಡಿನಲ್ಲಿ ಹೋದವನನ್ನೂ ಮುಳ್ಳುಕಂಟಿ ಕಡಿದು ಮೊದಲ ದಾರಿ ಮಾಡಿದವಳನ್ನೂ ಒಂದೇ ಗಡಿಯಾರ ಹಿಡಿದು ಅಳೆಯುವುದು ಯಾವ ನ್ಯಾಯ? 1944ರಲ್ಲಿ ಹೆಂಡ್ರಿಕ್ಸ್‌ಗೆ ಎರಡು ವರ್ಷ.

ಆಕೆಯನ್ನು ಆ ಕಾಲದಲ್ಲಿ ಗಂಡಸಿನ ಹಾಗೆ ನುಡಿಸುತ್ತಾಳೆ ಅಂತ ಹೊಗಳುತ್ತಿದ್ದರಂತೆ. ಇದು ನಮಗೆ ಹೊಸದಲ್ಲ. ನಮ್ಮ ಪತ್ರಿಕೆಗಳಲ್ಲಿ ಹೆಣ್ಣುಮಗಳು ಟ್ರ್ಯಾಕ್ಟರ್ ಓಡಿಸಿದರೆ 'ಗಂಡಸರಿಗೆ ಕಮ್ಮಿ ಇಲ್ಲ' ಅಂತಲೇ ಹೆಡ್ಡಿಂಗ್. ಅಳತೆಗೋಲು ಅವನ ಕೈಯಲ್ಲೇ ಉಳಿಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಕೊರೆಯುತ್ತದೆ. ರೊಸೆಟ್ಟಾ ಪಟ್ಟಿಗೆ ಬಂದದ್ದರಲ್ಲಿ ಆ ಟಿವಿ ಫಿಲ್ಮಿನ ಪಾಲು ದೊಡ್ಡದು. ಅದು ಉಳಿಯಿತು, ಫೋನಿಗೆ ಬಂತು, ಜನ ನೋಡಿದರು. ಕ್ಯಾಮೆರಾ ಹೋಗದ ಊರಲ್ಲಿ ನುಡಿಸಿದವರ ಗತಿ? ಎಲಿಜಬೆತ್ ಕಾಟನ್ ಅನ್ನುವ ಎಡಗೈಯ ಹೆಂಗಸು ಗಿಟಾರನ್ನು ತಲೆಕೆಳಗಾಗಿ ಹಿಡಿದು ನುಡಿಸುತ್ತಿದ್ದರು. ಬಹಳ ವರ್ಷ ಮನೆಗೆಲಸ ಮಾಡಿ ಬದುಕಿದರು. ಕೆಲಸಕ್ಕೆ ಸೇರಿದ ಮನೆ ಅದೃಷ್ಟಕ್ಕೆ ಸಂಗೀತದವರದು, ಆದ್ದರಿಂದ ಹೊರಗೆ ಗೊತ್ತಾಯಿತು. ಗ್ರ್ಯಾಮಿ ಪ್ರಶಸ್ತಿ ಸಿಕ್ಕಿದ್ದು 1985ರಲ್ಲಿ, ತೊಂಬತ್ತರ ಆಸುಪಾಸಿನಲ್ಲಿ. ಬೇರೆ ಮನೆಗೆ ಸೇರಿದ್ದರೆ?

ನಮ್ಮಲ್ಲೂ ಅಷ್ಟೇ. ಶಂಕರ್‌ನಾಗ್ ಅವರ 'ಗೀತಾ' ಸಿನಿಮಾದ ಹಾಡು ಊರಹಬ್ಬದ ಆರ್ಕೆಸ್ಟ್ರಾದಲ್ಲಿ ಇವತ್ತಿಗೂ ತಪ್ಪುವುದಿಲ್ಲ. ಸಂಗೀತ ಇಳಯರಾಜ ಅಂತ ಎಲ್ಲರೂ ಹೇಳುತ್ತಾರೆ, ಹಾಡಿದವರ ಹೆಸರೂ ಹೇಳುತ್ತಾರೆ. ಗಿಟಾರ್ ಹಿಡಿದಿದ್ದು ಯಾರು ಅಂತ ಆರ್ಕೆಸ್ಟ್ರಾದವರನ್ನೇ ಕೇಳಿ ನೋಡಿ. ಜಿಲ್ಲೆಯಿಂದ ಸುದ್ದಿ ಕಳಿಸಿ, ಮರುದಿನ 'ನಮ್ಮ ಪ್ರತಿನಿಧಿ' ಅಂತ ಅಚ್ಚಾದದ್ದನ್ನು ನೋಡುವ ನಮ್ಮಂಥ ಸ್ಟ್ರಿಂಗರುಗಳಿಗೆ ಇದು ಸ್ವಲ್ಪ ಬೇಗ ತಾಕುತ್ತದೆ.

1970ರಲ್ಲಿ ರೊಸೆಟ್ಟಾಗೆ ಪಾರ್ಶ್ವವಾಯು ಬಡಿಯಿತು, ಸಕ್ಕರೆ ಕಾಯಿಲೆಗೆ ಒಂದು ಕಾಲು ಹೋಯಿತು. ಮೂರು ವರ್ಷದ ನಂತರ ಫಿಲಡೆಲ್ಫಿಯಾದಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರು ಕೆತ್ತಿದ ಒಂದು ಕಲ್ಲೂ ಇರಲಿಲ್ಲ. 2008ರಲ್ಲಿ ಸಂಗೀತ ಕಾರ್ಯಕ್ರಮ ಮಾಡಿ ದುಡ್ಡು ಕೂಡಿಸಿ, ಆಮೇಲೆ ಕಲ್ಲು ನಿಲ್ಲಿಸಿದರು. ಅಮೆರಿಕದ ರಾಕ್ ಸಂಗೀತದ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿದ್ದು 2018ರಲ್ಲಿ.

ಪೇಜ್ ಅಭಿಮಾನಿಗಳಿಗೆ ನನ್ನ ಮೇಲೆ ಸಿಟ್ಟು ಬಂದಿದ್ದರೆ ಬೈಯಿರಿ, ಬೇಸರವಿಲ್ಲ. ಅದಕ್ಕೆ ಮೊದಲು ಯೂಟ್ಯೂಬಿನಲ್ಲಿ ರೊಸೆಟ್ಟಾ ಥಾರ್ಪ್ ಮ್ಯಾಂಚೆಸ್ಟರ್ 1964 ಅಂತ ಹುಡುಕಿ. ಹೆಚ್ಚು ಡೇಟಾ ತಿನ್ನುವುದಿಲ್ಲ. ಇಯರ್‌ಫೋನ್ ಹಾಕಿಕೊಂಡು ನೋಡಿ, ಫೋನಿನ ಸ್ಪೀಕರಿನಲ್ಲಿ ಆ ಗಿಟಾರಿನ ಕೆಳಗಿನ ತಂತಿಗಳ ಗುಡುಗು ಸರಿಯಾಗಿ ಕೇಳುವುದಿಲ್ಲ.