ಕೃತಕ ಕಣ್ಣು ಕೂರಿಸುವ ಕೈ ಗಡಿನಾಡಿಗೂ ಬೇಕು

ನಾಟ್ರಾಂಪಾಳ್ಯ: ಕುರುಡರ ರಾಜ್ಯದಲ್ಲಿ ಒಕ್ಕಣ್ಣನೇ ರಾಜ ಅನ್ನೋ ಗಾದೆ ಕೇಳೋಕೆ ಚೆನ್ನ. ಎರಡು ಕಣ್ಣಿರುವವರ ಊರಲ್ಲಿ ಒಕ್ಕಣ್ಣನ ಪಾಡೇ ಬೇರೆ. ಶಾಲೆಯಲ್ಲಿ ಮಗುವಿಗೆ ಅದೇ ಅಡ್ಡಹೆಸರು. ಹೆಣ್ಣುಮಗಳಾದರೆ ಸಂಬಂಧದ ಮಾತೇ ಮುಂದಕ್ಕೆ ಹೋಗಲ್ಲ. ಕ್ವಾರಿಯ ಕಲ್ಲಿನ ಚೂರು, ಬೇಲಿ ಮುಳ್ಳು, ದೀಪಾವಳಿ ಪಟಾಕಿ, ಚಿನ್ನಿದಾಂಡು... ಹಳ್ಳಿಯಲ್ಲಿ ಕಣ್ಣು ಹೋಗೋಕೆ ದಾರಿ ಹಲವು. ಹೋದ ಮೇಲೆ ಕಪ್ಪು ಕನ್ನಡಕವೇ ಗತಿ ಅಂತ ಸುಮ್ಮನಾಗುವುದು ಮಾತ್ರ ಸರಿಯಲ್ಲ.

2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ಅವರ ನೇತ್ರದಾನದ ಸುದ್ದಿ ಗಡಿಯಾಚೆಯ ಕನ್ನಡ ಮನೆಗಳಿಗೂ ಮುಟ್ಟಿತು. ಆದರೆ ದಾನದ ಕಣ್ಣಿನಿಂದ ನೋಟ ಬರಿಸಲು ಕಸಿ ಮಾಡುವುದು ಮುಂಭಾಗದ ಪಾರದರ್ಶಕ ಪದರ ಕಾರ್ನಿಯಾವನ್ನು ಮಾತ್ರ. ಗುಡ್ಡೆಯನ್ನೇ ತೆಗೆದಿದ್ದರೆ ಅದು ಉಪಯೋಗಕ್ಕೆ ಬಾರದು. ಅಂಥವರಿಗೆ ಇರುವುದು ಕೃತಕ ಕಣ್ಣು. ಇದರಿಂದ ನೋಟ ಬರುವುದಿಲ್ಲ ನಿಜ, ಆದರೆ ನಾಲ್ಕು ಜನರ ಮುಂದೆ ತಲೆ ಎತ್ತಿ ನಿಲ್ಲುವ ಧೈರ್ಯ ಬರುತ್ತದೆ.

ಕೃತಕ ಕಣ್ಣು ಅಂದರೆ ಗೋಲಿಯಲ್ಲ, ರೆಪ್ಪೆಗಳ ಹಿಂದೆ ಕೂರುವ ಚಿಪ್ಪು. ಸಿದ್ಧ ಅಳತೆಯದ್ದೂ ಸಿಗುತ್ತದೆ. ಆದರೆ ಸಂತೆಯಲ್ಲಿ ಬಳೆ ಆರಿಸಿದ ಹಾಗೆ ಆರಿಸಿ ಹಾಕಿದರೆ ಸಂದಿಯಲ್ಲಿ ಕೀವು ನೀರು ನಿಲ್ಲಬಹುದು, ದೃಷ್ಟಿ ಒಂದು ಕಡೆಗೇ ನೆಟ್ಟಂತೆ ಕಾಣಬಹುದು. ಒಳ್ಳೆಯದನ್ನು ರವಿಕೆಯಂತೆ ಅಳತೆ ತೆಗೆದೇ ಮಾಡಬೇಕು. ಕಣ್ಣಿನ ಗೂಡಿನ ಅಚ್ಚು ತೆಗೆದು, ಮೇಣದಲ್ಲಿ ರೂಪ ಕೊಟ್ಟು, ರೆಪ್ಪೆ ಮುಚ್ಚಿ ತೆರೆಯುವುದನ್ನು ನೋಡಿ ತಿದ್ದುತ್ತಾರೆ. ಆಮೇಲೆ ಹಲ್ಲಿನ ಸೆಟ್ಟಿಗೆ ಬಳಸುವಂಥದ್ದೇ ಅಕ್ರಿಲಿಕ್ಕಿನಲ್ಲಿ ಎರಕ. ಇನ್ನೊಂದು ಕಣ್ಣನ್ನು ಎದುರಿಗಿಟ್ಟುಕೊಂಡು ಕರಿಗುಡ್ಡೆಗೆ ಬಣ್ಣ ಹಚ್ಚಬೇಕು, ಬಿಳಿ ಭಾಗದಲ್ಲಿ ನರಗಳಂತೆ ಕೆಂಪು ನೂಲಿನ ಎಳೆ ಕೂರಿಸಬೇಕು.

ಹಿಂದೆ ಇವು ಗಾಜಿನವು. ಜರ್ಮನಿಯ ಲೌಶಾ ಊರು ಅದಕ್ಕೆ ಹೆಸರುವಾಸಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗಾಜು ಸಿಗದಾಗ ಅಮೆರಿಕದ ಸೇನೆಯ ದಂತ ವಿಭಾಗದವರು ಅಕ್ರಿಲಿಕ್‌ಗೆ ಕೈ ಹಾಕಿದರು. ಇದು ಓದಿಗಿಂತ ಕೈ ಪಳಗುವ ಕಸುಬು. ಅಮೆರಿಕದ ಈ ಕಸುಬಿನವರ ಸಂಘ 5 ವರ್ಷ, 10,000 ಗಂಟೆಗಳ ಗುರುಮುಖಿ ಅಭ್ಯಾಸ ಕೇಳುತ್ತದೆ. ನಮ್ಮಲ್ಲಿ ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ಚೆನ್ನೈನ ಶಂಕರ ನೇತ್ರಾಲಯದಂಥ ದೊಡ್ಡ ಕಡೆ ಈ ಕೆಲಸ ನಡೆಯುತ್ತದೆ. ಕೆಲವು ದಂತ ಕಾಲೇಜುಗಳಲ್ಲೂ ಮಾಡುತ್ತಾರೆ.

ಸಮಸ್ಯೆ ಇರುವುದೇ ಇಲ್ಲಿ. ಒಮ್ಮೆ ಕೂರಿಸಿದರೆ ಮುಗಿಯಲಿಲ್ಲ. ಆಗಾಗ ಪಾಲಿಶ್ ಆಗಬೇಕು, ಮಕ್ಕಳಿಗೆ ಮುಖ ಬೆಳೆದಂತೆಲ್ಲ ಬದಲಿಸಬೇಕು. ಇಲ್ಲದಿದ್ದರೆ ಆ ಭಾಗದ ಬೆಳವಣಿಗೆಯೇ ಕುಂಠಿತವಾಗಬಹುದು. ನಾಟ್ರಾಂಪಾಳ್ಯದ ತಾಯಿ ಅಂಚೆಟ್ಟಿ, ಡೆಂಕಣಿಕೋಟೆ, ಹೊಸೂರು ದಾಟಿ ಎಷ್ಟು ಸಲ ಕೂಲಿ ಬಿಟ್ಟು ಓಡಾಡಬೇಕು? ಬೆಂಗಳೂರಿಗೆ ಹೋದರೆ ಮಾತು ನಮ್ಮದು, ರೇಷನ್ ಕಾರ್ಡು ಮಾತ್ರ ತಮಿಳುನಾಡಿನದ್ದು. ಚೆನ್ನೈಗೆ ಹೋದರೆ ಕಾರ್ಡು ಸರಿ, ದೂರ ಮತ್ತು ಭಾಷೆ ತೊಡಕು. ಇನ್ನೊಂದು ಕಣ್ಣು ಚೆನ್ನಾಗಿದ್ದರೆ 2018ರ ಕೇಂದ್ರ ಮಾರ್ಗಸೂಚಿ ಪ್ರಕಾರ ವೈಕಲ್ಯ ಶೇ. 30 ಮಾತ್ರ ಆಗಿತ್ತು. ಮುಖ್ಯ ಸವಲತ್ತುಗಳಿಗೆ ಬೇಕಾದ್ದು ಶೇ. 40. ಅಲ್ಲೂ ಬಾಗಿಲು ಮುಚ್ಚಿದೆ.

ಪರಿಹಾರ ಆಕಾಶದಲ್ಲೇನಿಲ್ಲ. ಕೃಷ್ಣಗಿರಿಯ ಸರ್ಕಾರಿ ಮೆಡಿಕಲ್ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಗಿದೆ. ಅಲ್ಲಿ ಕೃತಕ ಕಣ್ಣಿಗೆಂದೇ ಒಂದು ಕೊಠಡಿ, ಪಳಗಿದ ಒಬ್ಬರು ಕಸುಬುದಾರರು ಇದ್ದರೆ ಗಡಿ ಹಳ್ಳಿಗಳ ಅರ್ಧ ಭಾರ ಇಳಿಯುತ್ತದೆ. ಆ ಕಸುಬನ್ನು ಕಲಿಯಲು ನಮ್ಮ ಬೆಟ್ಟದ ಮಕ್ಕಳನ್ನೇ ಯಾಕೆ ಕಳಿಸಬಾರದು? ಮದುರೆಯಲ್ಲಿ 1976ರಲ್ಲಿ ಶುರುವಾದ ಅರವಿಂದ್ ಕಣ್ಣಾಸ್ಪತ್ರೆ, ಪ್ಲಸ್ ಟು ಮುಗಿಸಿದ ಹಳ್ಳಿ ಹುಡುಗಿಯರಿಗೆ ಎರಡು ವರ್ಷ ತರಬೇತಿ ಕೊಟ್ಟು ಕಣ್ಣಿನ ಸಹಾಯಕಿಯರನ್ನಾಗಿ ಮಾಡುತ್ತಾ ಬಂದಿದೆ. ಕೈಯಲ್ಲಿ ಚಿತ್ರಕಲೆ, ಮನಸ್ಸಿನಲ್ಲಿ ತಾಳ್ಮೆ, ಬಾಯಲ್ಲಿ ಕನ್ನಡ-ತಮಿಳು ಎರಡೂ ಇರುವ ಹುಡುಗಿಯರು ಈ ಸೀಮೆಯಲ್ಲೂ ಇದ್ದಾರೆ. ಜಿಲ್ಲಾಡಳಿತ ಶಿಷ್ಯವೇತನ ಕೊಡಲಿ, ಕನ್ನಡ ಸಂಘಗಳು ರಾಜ್ಯೋತ್ಸವದ ಖರ್ಚಿನಲ್ಲಿ ಒಂದು ಪಾಲು ಎತ್ತಿಡಲಿ.

ಅಲ್ಲಿಯವರೆಗೆ ತಂದೆ-ತಾಯಿ ಒಂದು ಮಾತು ನೆನಪಿಡಬೇಕು. ಮಗುವಿನ ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು ಕಂಡರೆ ದೃಷ್ಟಿ ತಗುಲಿತು ಅಂತ ನಿವಾಳಿಸುತ್ತಾ ಕೂರಬೇಡಿ. ಅದು ಕಣ್ಣಿನ ಕ್ಯಾನ್ಸರ್ ಇರಬಹುದು. ಬೇಗ ತೋರಿಸಿದರೆ ಜೀವ ಉಳಿಯುತ್ತದೆ, ಎಷ್ಟೋ ಸಲ ಕಣ್ಣೂ ಉಳಿಯುತ್ತದೆ.